ಸಾಲ ತೀರಿದ ಮೇಲೆ ಯಾವ ಹೋಮ?

ಪ್ರಶ್ನೆ: 2020ರಲ್ಲಿ ನಮ್ಮ ಯಜಮಾನರ ಚಿಕ್ಕ ಪ್ರಿಂಟಿಂಗ್ ಪ್ರೆಸ್ ಮುಚ್ಚಿಹೋಯಿತು. ಬ್ಯಾಂಕಿನ ಪರ್ಸನಲ್ ಲೋನ್, ಎರಡು ಕ್ರೆಡಿಟ್ ಕಾರ್ಡ್, ನನ್ನ ಎರಡೆಳೆ ಸರ ಮತ್ತು ಬಳೆಗಳ ಅಡವು, ಎಲ್ಲ ಸೇರಿ ಹದಿನಾಲ್ಕು ಲಕ್ಷದ ಹತ್ತಿರ ಸಾಲವಾಯಿತು. ಅವರು ಕೆಲಸಕ್ಕೆ ಸೇರಿದರು, ನಾನು ಟ್ಯೂಷನ್ ಹೇಳಿದೆ. 22,000 ರೂಪಾಯಿಯ ಕೊನೆಯ ಕಂತು ಮುಂದಿನ ತಿಂಗಳು ಮುಗಿಯುತ್ತದೆ. ಋಣವಿಮೋಚನ ನರಸಿಂಹ ಹೋಮ ಮಾಡಿಸಿ ತಿರುಪತಿಗೆ ಹೋಗಿಬರಲು 45,000 ರೂಪಾಯಿ ಎತ್ತಿಟ್ಟಿದ್ದೇವೆ. ಆದರೆ ಒಂದು ವಿಷಯ ಕೊರೆಯುತ್ತಿದೆ. ಯಜಮಾನರ ಸ್ನೇಹಿತರೊಬ್ಬರು ಆಗ 1,80,000 ರೂಪಾಯಿ ಕೈಸಾಲ ಕೊಟ್ಟಿದ್ದರು. ಪತ್ರವಿಲ್ಲ, ಬಡ್ಡಿಯ ಮಾತಿಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಅವರ ಹೆಂಡತಿ, ಮಗನಿಗೆ ಇದು ಗೊತ್ತಿದ್ದಂತಿಲ್ಲ. "ಕೊಟ್ಟವರೇ ಇಲ್ಲ, ಮೂರು ವರ್ಷ ಕಳೆದ ಮೇಲೆ ಕೋರ್ಟಿನಲ್ಲೂ ನಿಲ್ಲೋದಿಲ್ಲ. ಅವರ ಹೆಸರು ಹೇಳಿ ಹೋಮ ಮಾಡಿಸಿ ಹುಂಡಿಗೆ ಒಂದಿಷ್ಟು ಹಾಕಿದರೆ ಋಣ ತೀರುತ್ತೆ" ಅನ್ನುತ್ತಾರೆ ಯಜಮಾನರು. ಇದು ಸರಿಯೇ? ಹೋಮಕ್ಕೆ ಯಾವ ವಾರ ಒಳ್ಳೆಯದು? ಬಿಡಿಸಿ ತಂದ ಒಡವೆಗೆ ಶುದ್ಧಿ ಬೇಕೇ? ಅವರದು ಮೀನ ರಾಶಿ, ಸಾಡೇಸಾತಿ ಇದೆ. ಮಗಳ ಮದುವೆ ಎರಡು ಮೂರು ವರ್ಷದಲ್ಲಿ ಬರುತ್ತದೆ. ಸೈಟು ತೆಗೆಯೋಣ ಅಂತಲೂ ಹೇಳುತ್ತಿದ್ದಾರೆ. ಮುಂದೆ ಹೇಗೆ ನಡೆಯಬೇಕು?
(ಹೆಸರು ಬೇಡ, ಬೆಂಗಳೂರು)

ಉತ್ತರ: ಅಮ್ಮಾ, ನೀವು ಐದು ಪ್ರಶ್ನೆ ಕೇಳಿದ್ದೀರಿ. ಆದರೆ ಪತ್ರ ಬರೆಸಿದ್ದು ಒಂದೇ ಪ್ರಶ್ನೆ, ಅದು ಆ ಕೈಸಾಲದ್ದು. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಹೋಮದಿಂದ ಆ ಸಾಲ ತೀರುವುದಿಲ್ಲ. ಹುಂಡಿಗೆ ಹಾಕಿದರೂ ತೀರುವುದಿಲ್ಲ. ಆ ಹಣ ಸೇರಬೇಕಾದದ್ದು ಆ ಮನೆಗೆ. ಹೋಮ ಮಾಡಿಸುವುದೇ ನನ್ನ ಕಸುಬು, ಹೀಗೆ ಬರೆದರೆ ನಮ್ಮ ಪೈಕಿಯವರೇ ಬೈಯಬಹುದು. ಬೈಯಲಿ.

ಗೊಂದಲ ಹುಟ್ಟುವುದು ಋಣ ಎಂಬ ಒಂದೇ ಪದದಿಂದ. ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಋಷಿಗಳ ಋಣ ಅಧ್ಯಯನದಿಂದ ತೀರುತ್ತದೆ, ದೇವತೆಗಳ ಋಣ ಯಜ್ಞದಿಂದ, ಪಿತೃಗಳ ಋಣ ಸಂತಾನದಿಂದ. ಶತಪಥ ಬ್ರಾಹ್ಮಣ ಇದಕ್ಕೆ ನಾಲ್ಕನೆಯದನ್ನೂ ಸೇರಿಸಿ, ಮನುಷ್ಯರ ಋಣ ಅತಿಥಿ ಸತ್ಕಾರದಿಂದ ತೀರುತ್ತದೆ ಎನ್ನುತ್ತದೆ. ಇವು ಬದುಕಿನ ಋಣಗಳು. ಲೆಕ್ಕದ ಪುಸ್ತಕದಲ್ಲಿ ಬರುವ ಸಾಲ ಬೇರೆ. ಅದನ್ನು ಶಾಸ್ತ್ರ ಯಜ್ಞ ಪ್ರಕರಣದಲ್ಲಿ ಇಡಲಿಲ್ಲ, ವ್ಯವಹಾರ ಪ್ರಕರಣದಲ್ಲಿಟ್ಟಿತು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ರಾಜ ತೀರ್ಮಾನಿಸಬೇಕಾದ ಹದಿನೆಂಟು ವ್ಯಾಜ್ಯಗಳ ಪಟ್ಟಿಯಿದೆ, ಅದರಲ್ಲಿ ಮೊದಲನೆಯದೇ ಋಣಾದಾನ, ಅಂದರೆ ಕೊಟ್ಟ ಸಾಲದ ವಸೂಲಿ. ಅಲ್ಲಿ ಸಾಕ್ಷಿ, ಪತ್ರ, ಅಡವು, ಬಡ್ಡಿ, ಜಾಮೀನು ಎಲ್ಲವೂ ಬರುತ್ತವೆ. ಹೋಮ ಮಾಡಿದವನಿಗೆ ಸಾಲ ಮಾಫಿ ಅಂತ ಒಂದು ಕಡೆಯೂ ಇಲ್ಲ.

ಕೊಟ್ಟವರು ತೀರಿಕೊಂಡರೆ ಏನು ಮಾಡಬೇಕು ಎಂಬುದಕ್ಕೂ ಶಾಸ್ತ್ರದಲ್ಲಿ ಉತ್ತರವಿದೆ. ನಾರದ ಸ್ಮೃತಿ ಇದನ್ನು ಎಷ್ಟು ದೂರ ಯೋಚಿಸಿದೆ ನೋಡಿ. ಸಾಲ ಕೊಟ್ಟ ಬ್ರಾಹ್ಮಣನೂ ಇಲ್ಲ, ಅವನ ಮಕ್ಕಳೂ ಇಲ್ಲ ಅಂತಾದರೆ ಅವನ ಕುಲದವರಿಗೆ ಕೊಡಬೇಕು. ಅವರೂ ಇಲ್ಲದಿದ್ದರೆ ಬಂಧುಗಳಿಗೆ. ಅವರೂ ಇಲ್ಲವೆಂದರೆ ಬೇರೆ ಬ್ರಾಹ್ಮಣರಿಗೆ. ಯಾರೂ ಸಿಗದಿದ್ದರೆ ನೀರಿಗೆ ಹಾಕಬೇಕು. ನೀರಿಗೆ ಹಾಕಿದರೂ ಸರಿಯೇ, ತೆಗೆದುಕೊಂಡವನು ಮಾತ್ರ ಇಟ್ಟುಕೊಳ್ಳುವ ಹಾಗಿಲ್ಲ ಅನ್ನುವುದು ಅದರ ತಾತ್ಪರ್ಯ. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ, ಹೆಂಡತಿ ಮಗ ಇಬ್ಬರೂ ಇದ್ದಾರೆ. ಯಾರೂ ಇಲ್ಲದಾಗ ಬರುವ ಕೊನೆಯ ದಾರಿಯೇ ದಾನ. ಅದನ್ನು ಮೊದಲ ದಾರಿ ಮಾಡಿಕೊಂಡು ಹುಂಡಿಗೆ ಹಾಕಿದರೆ ಇನ್ನೊಬ್ಬರ ದುಡ್ಡಿನಲ್ಲಿ ಪುಣ್ಯ ಸಂಪಾದಿಸಿದ ಹಾಗಾಗುತ್ತದೆ.

ಮೂರು ವರ್ಷದ ಮಾತು. ನಿಮ್ಮ ಯಜಮಾನರು ಹೇಳುವುದು ಅರ್ಧ ಸರಿ. 1963ರ ಕಾಲಮಿತಿ ಕಾಯ್ದೆ ಪ್ರಕಾರ ಕೈಸಾಲದ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷ ಗಡುವು. ಆದರೆ ಆ ಗಡುವು ದಾವೆಗೆ, ಸಾಲಕ್ಕಲ್ಲ. ಕಾಲ ಮೀರಿದ ಸಾಲವನ್ನು ಕೊಡುತ್ತೇನೆ ಅಂತ ಬರೆದು ಸಹಿ ಮಾಡಿದರೆ ಆ ಮಾತಿಗೆ ಬೆಲೆಯಿದೆ ಎಂದು ಇದೇ ದೇಶದ ಕರಾರು ಕಾಯ್ದೆಯೂ ಒಪ್ಪುತ್ತದೆ. ಸಾಲ ಸತ್ತುಹೋಗಿದ್ದರೆ ಹೀಗೆ ಒಪ್ಪಲು ಆಗುತ್ತಿರಲಿಲ್ಲ. ಇನ್ನು, ಅವರು ಕೇಳಲಿಲ್ಲ ಅನ್ನುತ್ತೀರಿ. ಗೊತ್ತಿಲ್ಲದವರು ಹೇಗೆ ಕೇಳುತ್ತಾರೆ ತಾಯಿ?

ಬಡ್ಡಿಯ ಮಾತಾಡಿರಲಿಲ್ಲ ಎಂದಿದ್ದೀರಿ. ಸ್ನೇಹದಲ್ಲಿ ಕೊಟ್ಟದ್ದನ್ನು ಶಾಸ್ತ್ರದಲ್ಲಿ ಪ್ರೀತಿದತ್ತ ಎನ್ನುತ್ತಾರೆ. ಮಾತಾಡದಿದ್ದರೆ ಅದಕ್ಕೆ ಬಡ್ಡಿ ಇಲ್ಲ. ಆದರೆ ನಾರದರು ಅಲ್ಲೇ ಒಂದು ಕೊಕ್ಕೆ ಇಟ್ಟಿದ್ದಾರೆ, ಆರು ತಿಂಗಳು ದಾಟಿದರೆ ಮಾತಾಡದಿದ್ದರೂ ಅದು ಬೆಳೆಯುತ್ತದೆ. ಹಾಗಂತ ನಿಮ್ಮನ್ನು ಹೆದರಿಸುತ್ತಿಲ್ಲ. ಅಸಲು ಪೂರ್ತಿ ಕೊಟ್ಟು, ಮೇಲೊಂದು ಮೊತ್ತವನ್ನು ಗೌರವದಿಂದ ಸೇರಿಸಿಕೊಡಿ. ಅವರು ಬೇಡವೆಂದರೆ ಒತ್ತಾಯ ಬೇಡ.

ಈಗ ಲೆಕ್ಕ ನೋಡಿ. ನಿಮ್ಮ ಕೈಯಲ್ಲಿ 45,000 ಇದೆ. ಅದರಲ್ಲಿ 5,000 ಪೂಜೆಗಿಟ್ಟು 40,000 ಮೊದಲ ಕಂತಾಗಿ ಕೊಡಿ. ಬ್ಯಾಂಕಿನ ಕಂತು ನಿಂತ ಮೇಲೆ ತಿಂಗಳಿಗೆ 22,000 ಉಳಿಯುತ್ತದೆ. ಅಷ್ಟು ಹಣವಿಲ್ಲದೆ ಸಂಸಾರ ಮಾಡುವುದು ನಿಮಗೆ ರೂಢಿಯಾಗಿದೆ. ಅದು ದೊಡ್ಡ ಸಂಪತ್ತು, ಒಂದೇ ತಿಂಗಳಲ್ಲಿ ಕಳೆದುಕೊಳ್ಳಬೇಡಿ. ತಿಂಗಳಿಗೆ 20,000ದಂತೆ ಏಳು ತಿಂಗಳು ಕೊಟ್ಟರೆ 1,40,000 ಆಯಿತು, ಮೊದಲಿನದು ಸೇರಿ 1,80,000. ಎಂಟನೆಯ ತಿಂಗಳ 20,000 ಬಡ್ಡಿಯ ಬದಲಿಗೆ. ಮಿಕ್ಕ ತಲಾ 2,000ಕ್ಕೆ ಏನು ಮಾಡಬೇಕೆಂದು ಮುಂದೆ ಹೇಳುತ್ತೇನೆ.

ಕೊಡುವ ಕ್ರಮವೂ ಮುಖ್ಯ. ನೀವಿಬ್ಬರೂ ಹಣ್ಣು ಹಿಡಿದುಕೊಂಡು ಅವರ ಮನೆಗೆ ಹೋಗಿ. ತಾಯಿ ಮಗ ಇಬ್ಬರೂ ಇರುವ ಹೊತ್ತು ನೋಡಿ ಹೋಗಿ, ಒಬ್ಬರಿಗೆ ಗುಟ್ಟಾಗಿ ಕೊಡಬೇಡಿ. ವಿಲ್ ಬರೆದಿಡದೆ ಹೋದ ಹಿಂದೂ ಗೃಹಸ್ಥನ ಆಸ್ತಿಯಲ್ಲಿ ಹೆಂಡತಿಗೂ ಪ್ರತಿ ಮಗುವಿಗೂ ಸಮಪಾಲು, ಅವರ ತಾಯಿ ಬದುಕಿದ್ದರೆ ಆಕೆಗೂ ಪಾಲಿದೆ. ಮದುವೆಯಾಗಿ ಹೋದ ಮಗಳಿದ್ದರೆ ಅವಳಿಗೂ ತಿಳಿಯಲಿ. ಹಣ ನಗದಾಗಿ ಬೇಡ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಿನಲ್ಲಿ ತೀರಿಸಬಾರದೆಂದು ಆದಾಯ ತೆರಿಗೆ ಕಾನೂನಿದೆ. ಚೆಕ್ಕೋ ಬ್ಯಾಂಕ್ ವರ್ಗಾವಣೆಯೋ ಮಾಡಿ, ಒಂದು ಹಾಳೆಯಲ್ಲಿ ಇಷ್ಟು ಸಾಲ, ಇಷ್ಟು ಸಂದಿದೆ ಅಂತ ಬರೆದು ಇಬ್ಬರೂ ಸಹಿ ಮಾಡಿಕೊಳ್ಳಿ. ಯಜಮಾನರಿಗೆ ಮುಜುಗರವಿರುತ್ತದೆ, ಸಹಜ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಆ ಮಗ ಒಂದು ಮಾತು ಅಂದರೂ ಅನ್ನಬಹುದು, ಕೇಳಿಸಿಕೊಂಡು ಬನ್ನಿ. ಯಜಮಾನರ ತಂದೆಯವರು ಈಗಿಲ್ಲವಾದರೆ, ಮಹಾಲಯದಲ್ಲಿ ಎಳ್ಳುನೀರು ಬಿಡುವಾಗ ಆ ಸ್ನೇಹಿತರ ಹೆಸರನ್ನೂ ಹೇಳಲಿ. ತರ್ಪಣದ ಕ್ರಮದಲ್ಲಿ ಗುರು, ಆಪ್ತರ ಜೊತೆ ಸಖನಿಗೂ ಸ್ಥಾನವಿದೆ.

ಇನ್ನು ಹೋಮ. ಮಾಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಋಣವಿಮೋಚನ ನೃಸಿಂಹ ಸ್ತೋತ್ರವನ್ನು ನಮ್ಮಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಸಾಲದಲ್ಲಿದ್ದವನಿಗೆ ಮೊದಲು ಬೇಕಾದದ್ದು ಧೈರ್ಯ, ರಾತ್ರಿ ನಿದ್ದೆ, ಬೆಳಿಗ್ಗೆ ಎದ್ದು ದುಡಿಯುವ ಮನಸ್ಸು. ಅದನ್ನು ಆ ಸ್ವಾಮಿ ಕೊಡುತ್ತಾನೆ ಅಂತಲೇ ನನ್ನ ನಂಬಿಕೆ, ನಿಮಗೆ ಕೊಟ್ಟೂ ಇದ್ದಾನೆ. ಆದ್ದರಿಂದ ಈಗ ಮಾಡುವ ಪೂಜೆ ಕೃತಜ್ಞತೆಯದು, ಪ್ರಾಯಶ್ಚಿತ್ತದ್ದಲ್ಲ. ಸಂಕಲ್ಪದಲ್ಲೂ ಹಾಗೇ ಹೇಳಿಸಿ. ಮೊದಲ ಕಂತು ಆ ಮನೆಗೆ ಮುಟ್ಟಿದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಮನೆಯಲ್ಲೇ ಲಕ್ಷ್ಮೀನರಸಿಂಹನ ಪಟಕ್ಕೆ ತುಳಸಿ, ಕೆಂಪು ಹೂವಿನಿಂದ ಅರ್ಚನೆ ಮಾಡಿ, ಪಾನಕ ಕೋಸಂಬರಿ ನೈವೇದ್ಯ ಮಾಡಿ. ಒಂದಿಷ್ಟು ತೊಗರಿಬೇಳೆ ದಾನ ಕೊಡಿ, ಅದು ಕುಜನ ಧಾನ್ಯ. ಸ್ತೋತ್ರ ಬಾರದಿದ್ದರೆ ನರಸಿಂಹನ ನಾಮ ನೂರೆಂಟು ಸಲ ಹೇಳಿ. ಐದು ಸಾವಿರದಲ್ಲಿ ಇದಾಗಿ ಮಿಗುತ್ತದೆ. ಹೋಮವೇ ಬೇಕೆಂದಿದ್ದರೆ ಎಂಟು ತಿಂಗಳು ತಡೆಯಿರಿ, ಪೂರ್ಣಾಹುತಿ ಹಾಕುವಾಗ ಪೂರ್ತಿ ತೀರಿದೆ ಅಂತ ಹೇಳಿಕೊಳ್ಳಬಹುದು.

ಕುಂಭಕೋಣದ ಹತ್ತಿರ ತಿರುಚ್ಚೇರೈನಲ್ಲಿ ಋಣವಿಮೋಚನ ಲಿಂಗೇಶ್ವರನ ಸನ್ನಿಧಿ ಇದೆ, ಅಲ್ಲಿಗೆ ಹೋಗಲೇಬೇಕೇ ಅಂತ ಹಿಂದೆ ಹಲವರು ಬರೆದಿದ್ದರು. ಶ್ರದ್ಧೆಯಿದ್ದರೆ ಹೋಗಿ. ಕಾರ್ಡ್ ಉಜ್ಜಿ ಮಾತ್ರ ಹೋಗಬೇಡಿ.

ತಿರುಪತಿಯ ಬಗ್ಗೆ ಒಂದು ಮಾತು. ಆ ಸ್ವಾಮಿಯೇ ಸಾಲಗಾರ! ಕ್ಷೇತ್ರ ಪುರಾಣದ ಪ್ರಕಾರ ಪದ್ಮಾವತಿಯ ಮದುವೆಗೆ ಕುಬೇರನಿಂದ ಸಾಲ ತೆಗೆದು, ಕಲಿಯುಗ ಮುಗಿಯುವವರೆಗೆ ಬಡ್ಡಿ ಕಟ್ಟುತ್ತೇನೆಂದು ಪತ್ರ ಬರೆದುಕೊಟ್ಟ. ನಾವು ಹುಂಡಿಗೆ ಹಾಕುವ ಕಾಸು ಅದಕ್ಕೇ ಸಲ್ಲುತ್ತದೆ ಎಂಬ ನಂಬಿಕೆ. ಕೊಟ್ಟ ಪತ್ರಕ್ಕೆ ಇಷ್ಟು ಬದ್ಧನಾಗಿ ನಿಂತವನ ಮುಂದೆ ಸ್ನೇಹಿತನ ದುಡ್ಡು ಹಾಕಿ ಕೈಮುಗಿದರೆ ಒಪ್ಪುತ್ತಾನೆಯೇ? ಮುಡಿಪು ಕಟ್ಟಿದ್ದರೆ ಅದು ತೀರಿಸಲೇಬೇಕಾದದ್ದು, ಸಂದೇಹವಿಲ್ಲ. ಅದನ್ನು ಹಾಗೇ ಅರಿಶಿನದ ಬಟ್ಟೆಯಲ್ಲಿಟ್ಟಿರಿ. ಒಂದು ವರ್ಷ ತಡವಾಯಿತೆಂದು ಸ್ವಾಮಿ ಕೋಪಿಸಿಕೊಳ್ಳುವುದಿಲ್ಲ.

ವಾರದ ವಿಷಯದಲ್ಲಿ ಮುಹೂರ್ತ ಗ್ರಂಥಗಳ ಮಾತು ಸರಳವಾಗಿದೆ. ಮಂಗಳವಾರ ಸಾಲ ತೆಗೆಯಬಾರದು, ತೀರಿಸಬೇಕು. ಬುಧವಾರ ಹಣ ಹೊರಗೆ ಕೊಡಬಾರದು, ಕೂಡಿಡಬೇಕು. ಜಾತಕದಲ್ಲಿ ಆರನೆಯ ಮನೆ ಋಣ, ರೋಗ, ಶತ್ರು ಮೂರನ್ನೂ ಹೇಳುತ್ತದೆ, ಕುಜ ಅದಕ್ಕೆ ಕಾರಕ. ಆದ್ದರಿಂದಲೇ ಅವನ ವಾರದಲ್ಲಿ ಬಂದ ಸಾಲ ಬೆಳೆಯುತ್ತದೆ, ಹೋದ ಸಾಲ ಮತ್ತೆ ತಿರುಗಿ ಬರುವುದಿಲ್ಲ ಎಂಬ ನಂಬಿಕೆ. ಬ್ಯಾಂಕಿನ ಕೊನೆಯ ಕಂತಿನ ದಿನ ನಿಮ್ಮ ಕೈಯಲ್ಲಿಲ್ಲ, ಅದು ಯಾವ ವಾರ ಬಂದರೂ ಬರಲಿ. ಕೈಸಾಲದ ಕಂತನ್ನು ಮಂಗಳವಾರ ಕೊಡಿ. ಅವರ ಮನೆಯಲ್ಲಿ ಮಂಗಳವಾರ ಹಣ ತೆಗೆದುಕೊಳ್ಳುವ ರೂಢಿ ಇಲ್ಲವೆಂದರೆ ಸೋಮವಾರ ಗುರುವಾರ ಆಗಬಹುದು. ವಾರ ಕಾಯುತ್ತಾ ತಿಂಗಳು ದಾಟಿಸಬೇಡಿ.

ಸಾಲದ ಶೇಷವನ್ನು ಹಿರಿಯರು ಬೆಂಕಿಯ ಶೇಷಕ್ಕೆ ಹೋಲಿಸುತ್ತಿದ್ದರು. ಒಂದು ಕಿಡಿ ಉಳಿದರೂ ಮತ್ತೆ ಹತ್ತಿಕೊಳ್ಳುತ್ತದೆ. ಈ ಕಾಲದಲ್ಲಿ ಆ ಕಿಡಿ ಕಾಗದದಲ್ಲಿರುತ್ತದೆ. ಕೊನೆಯ ಕಂತು ಕಟ್ಟಾದ ಮೇಲೆ ಬ್ಯಾಂಕಿಗೆ ಹೋಗಿ ಬಾಕಿ ಇಲ್ಲ ಎಂಬ ಪತ್ರವನ್ನು, ನೋ ಡ್ಯೂ ಸರ್ಟಿಫಿಕೇಟ್ ಅಂತಾರಲ್ಲ ಅದನ್ನು, ಬರವಣಿಗೆಯಲ್ಲಿ ಪಡೆಯಿರಿ. ಖಾಲಿ ಚೆಕ್ಕು ಕೊಟ್ಟಿದ್ದರೆ ವಾಪಸ್ ತನ್ನಿ. ಖಾತೆಯಿಂದ ತಾನಾಗಿ ಕಟ್ಟಾಗುವ ಆದೇಶವನ್ನು ರದ್ದು ಮಾಡಿಸಿ. ಕಾರ್ಡುಗಳನ್ನು ಕತ್ತರಿಸಿ ಹಾಕಿದರೆ ಸಾಲದು, ಖಾತೆ ಮುಚ್ಚಿದೆ ಅಂತ ಬರೆಸಿಕೊಳ್ಳಿ. ಎರಡು ಮೂರು ತಿಂಗಳ ನಂತರ ಕ್ರೆಡಿಟ್ ರಿಪೋರ್ಟ್ ತೆಗೆಸಿ ಸಾಲ ಮುಗಿದಿದೆ ಎಂದು ಬಂದಿದೆಯೇ ನೋಡಿ, ವರ್ಷಕ್ಕೊಂದು ಉಚಿತವಾಗಿ ಸಿಗುತ್ತದೆ. ಮನೆ ಪತ್ರ ಅಡವಿಟ್ಟ ಇತರ ಓದುಗರಿಗೂ ಹೇಳಿಬಿಡುತ್ತೇನೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ಹಿಂದಿರುಗಿಸಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ, ಅದೇ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕೈಗೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ. ನಮ್ಮ ಸರ್ಕಾರಿ ಕನ್ನಡ ಒಂದೊಂದು ಸಲ ಶಾಸ್ತ್ರಕ್ಕಿಂತ ಚೆನ್ನಾಗಿ ಮಾತಾಡುತ್ತದೆ, ಋಣವನ್ನು ಭಾರ ಅಂತಲೇ ಕರೆದಿದೆ!

ಒಡವೆಗೆ ದೋಷವೇನಿಲ್ಲ. ಚಿನ್ನ ಅಡವಿಗೆ ಹೋಗಿದ್ದರಿಂದ ಮೈಲಿಗೆಯಾಗುವುದಿಲ್ಲ, ಕಷ್ಟಕ್ಕೆ ಒದಗಿದ ಚಿನ್ನ ಅದು. ಅಲ್ಲೇ ತೂಕ ಹಾಕಿಸಿ, ಚೀಟಿಯ ಜೊತೆ ತಾಳೆ ನೋಡಿ ತನ್ನಿ. ಅರಿಶಿನದ ನೀರಿನಲ್ಲಿ ತೊಳೆದು ಶುಕ್ರವಾರ ಲಕ್ಷ್ಮಿಯ ಮುಂದಿಟ್ಟು ಕುಂಕುಮ ಹಚ್ಚಿ ಹಾಕಿಕೊಳ್ಳಿ. ಕರಗಿಸಿ ಹೊಸದು ಮಾಡಿಸಬೇಕೆಂದು ಯಾರಾದರೂ ಹೇಳಿದರೆ ಅದು ಕೂಲಿ, ಸವಕಳಿಯ ಮಾತು, ಶಾಸ್ತ್ರದ ಮಾತಲ್ಲ.

ಇನ್ನು ಮುಂದಿನ ಬದುಕು. ಮೊನ್ನೆಯವರೆಗೆ ಕಂತು ಕಟ್ಟುತ್ತಿದ್ದವರಿಗೆ ಸಾಲ ಮುಗಿದ ಮರುದಿನ ಒಂದು ಥರದ ಅಮಲು ಬರುತ್ತದೆ. ಇಷ್ಟು ವರ್ಷ ಬಿಗಿಹಿಡಿದದ್ದಕ್ಕೆ ಸೈಟು, ಕಾರು, ದೊಡ್ಡ ಸಮಾರಂಭ. ಸೈಟಿನ ಮಾತು ಈಗ ಬೇಡ. ಸಾಡೇಸಾತಿಗೆ ಹೆದರಿ ಹೇಳುತ್ತಿಲ್ಲ. ದೃಗ್ಗಣಿತದ ಪ್ರಕಾರ 2025ರ ಮಾರ್ಚ್ ಕೊನೆಯಲ್ಲಿ ಶನಿ ಮೀನಕ್ಕೆ ಬಂದ, ನಿಮ್ಮ ಯಜಮಾನರಿಗೆ ಜನ್ಮಶನಿ. ಆದರೆ ಸಾಲ ತೀರಿದ್ದೂ ಇದೇ ಶನಿಯ ಕಾಲದಲ್ಲಿ ಎಂಬುದನ್ನು ಮರೆಯಬೇಡಿ. ಕೂಲಿಗೆ ತಕ್ಕ ಫಲ ಕೊಡುವವನು ಅವನು. ನಾನು ಬೇಡವೆನ್ನುವುದು ಲೆಕ್ಕದ ಮೇಲೆ. ಮದುವೆ ಎದುರಿಗಿದೆ, ಕೈಯಲ್ಲಿ ಗಂಟಿಲ್ಲ. ಇಂಥ ಹೊತ್ತಿನಲ್ಲಿ ಸೈಟಿಗೆ ಸಾಲ ಮಾಡಿದರೆ ಮದುವೆಗೆ ಮತ್ತೆ ಕಾರ್ಡೇ ಗತಿ. ಯಾಜ್ಞವಲ್ಕ್ಯರು ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಭಾಗ ಬಡ್ಡಿ ಎಂದರು, ನೂರಕ್ಕೆ ಒಂದೂಕಾಲು, ವರ್ಷಕ್ಕೆ ಹದಿನೈದು. ಒಟ್ಟಿಗೆ ವಸೂಲು ಮಾಡುವಾಗ ಬಡ್ಡಿ ಅಸಲನ್ನು ಮೀರಬಾರದು ಅಂತ ಮನು ಕಟ್ಟಳೆ ಹಾಕಿದ. ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರು, ಮೂರೂವರೆ ಬೀಳುವುದುಂಟು, ವರ್ಷಕ್ಕೆ 36ರಿಂದ 42. ಮಿನಿಮಮ್ ಡ್ಯೂ ಕಟ್ಟಿ ನೆಮ್ಮದಿಯಾಗಿರುವವರು ಇದನ್ನೊಮ್ಮೆ ಓದಿಕೊಳ್ಳಲಿ.

ದುಡಿದದ್ದನ್ನು ಹೇಗೆ ಹಂಚಬೇಕು ಎಂಬುದಕ್ಕೆ ಭಾಗವತದ ಎಂಟನೆಯ ಸ್ಕಂಧದಲ್ಲಿ ಒಂದು ಮಾತಿದೆ. ವಾಮನನಿಗೆ ಎಲ್ಲವನ್ನೂ ಧಾರೆಯೆರೆಯಲು ಹೊರಟ ಬಲಿಗೆ ಶುಕ್ರಾಚಾರ್ಯರು ಹೇಳುವುದು. ಹಣವನ್ನು ಐದು ಭಾಗ ಮಾಡು, ಧರ್ಮಕ್ಕೆ, ಯಶಸ್ಸಿಗೆ, ಹಣ ಬೆಳೆಸಲಿಕ್ಕೆ, ಸುಖಕ್ಕೆ, ತನ್ನವರಿಗೆ. ಬಲಿ ಕೇಳಲಿಲ್ಲ, ಅವನಿಗೆ ಬಾಗಿಲಲ್ಲಿ ನಿಂತವನು ಸಾಕ್ಷಾತ್ ವಿಷ್ಣು. ಗೃಹಸ್ಥರಿಗೆ ಶುಕ್ರರ ಮಾತೇ ಸರಿ. ನಿಮ್ಮ ಸ್ಥಿತಿಯಲ್ಲಿ ಯಶಸ್ಸಿನ ಭಾಗ, ಅಂದರೆ ನಾಲ್ಕು ಜನ ನೋಡಲಿ ಅಂತ ಮಾಡುವ ಖರ್ಚನ್ನು, ಸದ್ಯಕ್ಕೆ ಆಪತ್ತಿನ ನಿಧಿಗೆ ಹಾಕಿ. ನಾನು ಹೇಳಿದ ಆ 2,000 ಅದಕ್ಕೇ. ಬುಧವಾರ ಒಂದು ಆರ್‌ಡಿ ತೆರೆಯಿರಿ. ಎಂಟು ತಿಂಗಳಿಗೆ 16,000 ಆಗುತ್ತದೆ, ಚಿಕ್ಕದೇ, ಆದರೆ ಅದು ಸಾಲವಲ್ಲದ ಮೊದಲ ಗಂಟು. ಕೈಸಾಲ ತೀರಿದ ಮೇಲೆ ಪೂರ್ತಿ 22,000 ಅದಕ್ಕೇ ಹೋಗಲಿ, ಆರು ತಿಂಗಳ ಮನೆಖರ್ಚು ಕೂಡುವ ತನಕ. 2020ರಲ್ಲಿ ಅಂಥದೊಂದು ನಿಧಿ ಇದ್ದಿದ್ದರೆ ಕಾರ್ಡಿನ ತನಕ ಹೋಗುವ ಪ್ರಸಂಗ ಎಷ್ಟೋ ಕಡಿಮೆಯಾಗುತ್ತಿತ್ತು. ಜೊತೆಗೆ ಮನೆಯವರೆಲ್ಲರಿಗೂ ಆರೋಗ್ಯ ವಿಮೆ ಇರಲಿ, ದುಡಿಯುವವರ ಹೆಸರಿನಲ್ಲಿ ಟರ್ಮ್ ವಿಮೆ ಇರಲಿ. ಆಯುಷ್ಯ ಹೋಮ ಮಾಡಿಸುವ ಮನೆಗಳಿಗೂ ಇದನ್ನೇ ಹೇಳುತ್ತೇನೆ, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಆಮೇಲೆ ಮದುವೆಯ ಹಣ. ಮಗಳನ್ನೂ ಕೂರಿಸಿಕೊಂಡು ಮಾತಾಡಿ, ಇಷ್ಟರಲ್ಲಿ ಮಾಡುತ್ತೇವೆ ಅಂತ ಮೊದಲೇ ಹೇಳಿ. ಕನ್ಯಾದಾನ, ಪಾಣಿಗ್ರಹಣ, ಲಾಜಹೋಮ, ಸಪ್ತಪದಿ ಇಷ್ಟಾದರೆ ಮದುವೆಯಾಯಿತು. ಇವಕ್ಕೆ ಬೇಕಾಗುವ ಸಾಮಾನು ಒಂದು ಚೀಲದಲ್ಲಿ ಹಿಡಿಯುತ್ತದೆ.

ಪ್ರಶ್ನೆ: ನಮ್ಮ ಮನೆಸಾಲದ ಇಎಂಐ ತಿಂಗಳ 5ರಂದು ಕಟ್ಟಾಗುತ್ತೆ. ಕೆಲವು ತಿಂಗಳು ಅದು ಶುಕ್ರವಾರ ಬರುತ್ತೆ. ಶುಕ್ರವಾರ ಲಕ್ಷ್ಮಿ ಹೊರಗೆ ಹೋಗಬಾರದು ಅಂತ ಅತ್ತೆಯವರು ತುಂಬಾ ನೊಂದುಕೊಳ್ಳುತ್ತಾರೆ.
(ಮೈಸೂರಿನ ಓದುಗರು)

ಉತ್ತರ: ಅತ್ತೆಯವರ ರೂಢಿ ಕೈಯಿಂದ ಕೈಗೆ ಕೊಡುವ ಹಣಕ್ಕೆ, ಅದರಲ್ಲೂ ದೀಪ ಹಚ್ಚಿದ ಮೇಲೆ ಕೊಡುವುದಕ್ಕೆ. ಒಪ್ಪಿಕೊಂಡ ದಿನ ಕಂತು ಸಲ್ಲಿಸುವುದಕ್ಕೆ ದೋಷವಿಲ್ಲ. ತಪ್ಪಿಸಿದರೆ ದಂಡ ಬೀಳುತ್ತದೆ, ಆಗ ನಿಜವಾಗಿಯೂ ಲಕ್ಷ್ಮಿ ಹೊರಗೆ ಹೋದಳು. ಅವರ ಮನಸ್ಸಿಗೆ ಸಮಾಧಾನ ಬೇಕಾದರೆ ಬ್ಯಾಂಕಿನವರನ್ನು ಕೇಳಿ, ತಾರೀಖು ಬದಲಿಸಿಕೊಡುವುದುಂಟು. ಆದರೆ ತಾರೀಖು ಯಾವುದಾದರೂ ಶುಕ್ರವಾರ ಬಂದೇ ಬರುತ್ತದಲ್ಲ. ಆ ದಿನ ಬೆಳಿಗ್ಗೆ ದೇವರ ಮುಂದೆ ಒಂದು ರೂಪಾಯಿ ನಾಣ್ಯವಿಟ್ಟು ಅತ್ತೆಯವರ ಕೈಯಿಂದಲೇ ಕುಂಕುಮ ಹಚ್ಚಿಸಿ.

ಪ್ರಶ್ನೆ: ತಂದೆ ಮಾಡಿದ ಸಾಲವನ್ನು ಮಗ ತೀರಿಸದಿದ್ದರೆ ಅವರ ಶ್ರಾದ್ಧ ಮಾಡುವ ಅಧಿಕಾರ ಹೋಗುತ್ತದೆಯೇ? ನಮ್ಮ ತಂದೆ ಜೂಜಿನಲ್ಲಿ ಸಾಲ ಮಾಡಿದ್ದರು.
(ಹುಬ್ಬಳ್ಳಿಯ ಓದುಗರು)

ಉತ್ತರ: ಅಧಿಕಾರ ಹೋಗುವುದಿಲ್ಲ, ಶ್ರಾದ್ಧ ನಿಲ್ಲಿಸಬೇಡಿ. ಜೂಜು, ಕುಡಿತಕ್ಕೆ ಮಾಡಿದ ಸಾಲವನ್ನು ಮಗ ಹೊರಬೇಕಾಗಿಲ್ಲವೆಂದು ಮನುವೇ ಹೇಳಿದ್ದಾನೆ. ಸಂಸಾರಕ್ಕಾಗಿ ಮಾಡಿದ್ದಾದರೆ ಮಾತು ಬೇರೆ. ಕಾನೂನಿನಲ್ಲಿ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂದ ನಂತರ ಮಾಡಿದ ಸಾಲಕ್ಕೆ, ಮಗ ಎಂಬ ಧರ್ಮದ ಹೊಣೆಯೊಂದನ್ನೇ ಹಿಡಿದು ನಿಮ್ಮ ಮೇಲೆ ಬರುವ ಹಾಗಿಲ್ಲ. ಅವರಿಂದ ಬಂದ ಆಸ್ತಿ ಇದ್ದರೆ ಅದರ ವಿಚಾರವನ್ನು ವಕೀಲರ ಹತ್ತಿರ ಕೇಳಿ, ನನ್ನ ಹತ್ತಿರ ಅಲ್ಲ. ನಿಮ್ಮ ಜಾತಕದ ಪ್ರಶ್ನೆಗೆ ಹುಟ್ಟಿದ ಸಮಯ ಬರೆದಿಲ್ಲ. ಸಮಯ, ಊರು ಬರೆದು ಇನ್ನೊಂದು ಕಾರ್ಡ್ ಹಾಕಿ.